ನನ್ನ ‘ವೇಸ್ಟ್’ ಆದ ವರ್ಷದ ಬಗ್ಗೆ

ಈ ಸಲ ಕಾಲೇಜಿಗೆ ವಾಪಸ್ ಬಂದ ಮೊದಲ ವಾರ ಎಲ್ಲರದೂ ಒಂದೇ ಪ್ರಶ್ನೆ. “ಏನೋ, ಒಂದು ವರ್ಷ ವೇಸ್ಟ್ ಆಯ್ತಲ್ಲೋ?” ಕೇಳಿದವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇಲ್ಲ. ಕ್ಯಾಂಟೀನ್ ಅಣ್ಣ ಕೂಡ ಕೇಳಿದರು, ಕೇಳಿ ಒಂದು ವಡೆ ಜಾಸ್ತಿ ಹಾಕಿದರು. ಮೊದಮೊದಲು ನಾನು “ಹೂಂ ಕಣೋ, ಏನ್ಮಾಡೋದು” ಅಂತ ನಗುತ್ತಿದ್ದೆ. ಆದರೆ ಹಾಗೆ ಹೇಳುವಾಗಲೆಲ್ಲ ಸುಳ್ಳು ಹೇಳ್ತಿದ್ದೀನಿ ಅನ್ನಿಸ್ತಿತ್ತು. ಸಂಘದವರು ಸಂಚಿಕೆಗೆ ಏನಾದರೂ ಬರಿ ಅಂತ ಹಿಂದೆ ಬಿದ್ದಿದ್ದರಿಂದ, ಒಬ್ಬೊಬ್ಬರಿಗೂ ಬೇರೆಬೇರೆ ಹೇಳೋ ಬದಲು ಇಲ್ಲೇ ಒಂದು ಸಲ ಬರೆದುಬಿಡ್ತೀನಿ.

ಗೊತ್ತಿಲ್ಲದವರಿಗೆ: ನಾನು ಮೆಕ್ಯಾನಿಕಲ್, ಆರನೇ ಸೆಮಿಸ್ಟರ್, ಎರಡನೇ ಸಲ. ಹೋದ ವರ್ಷ ಮೇ ಕೊನೆಗೆ ನನಗೆ ಕಾಮಾಲೆ ಬಂತು. ಗೋಬಿ ಗಾಡಿಯ ಪ್ರಸಾದವೋ ಎಲ್ಲಿಯದೋ ನೀರಿನದೋ, ಆ ಚರ್ಚೆ ಈಗ ಬೇಡ. ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿದಾಗ ರೂಮ್‌ಮೇಟ್ ಬಸ್ ಹತ್ತಿಸಿ ಊರಿಗೆ ಕಳಿಸಿದ. ತೀರ್ಥಹಳ್ಳಿಯ ಡಾಕ್ಟರು ರಿಪೋರ್ಟ್ ನೋಡಿ, ಇದಕ್ಕೆ ಅಂತ ಬೇರೆ ಔಷಧಿ ಇಲ್ಲಪ್ಪ, ಪಥ್ಯ ಮಾಡು, ಆರು ವಾರ ಮಲಗು ಅಂದರು. ಹಾಜರಿ ಮೊದಲೇ ಅಂಚಿನಲ್ಲಿತ್ತು. 85 ಪರ್ಸೆಂಟ್ ಮುಟ್ಟೋ ದಾರಿಯೇ ಉಳಿಯಲಿಲ್ಲ. ಸೆಮ್ ಹೋಯಿತು. ಅದೇ ಸೆಮ್ ಮತ್ತೆ ಶುರುವಾಗೋದು ಮುಂದಿನ ವರ್ಷ. ಹೀಗೆ ಆರು ವಾರದ ವಿಶ್ರಾಂತಿ ಅಂತ ಹೊರಟಿದ್ದು ಒಂದು ಇಡೀ ಮಳೆಗಾಲ ಆಯಿತು.

ವಿಶ್ರಾಂತಿ ಅಂದರೆ ಸುಖ ಅಂದುಕೊಂಡವರಿಗೆ ಮೊದಲೇ ಹೇಳಿಬಿಡ್ತೀನಿ, ಮೊದಲ ಮೂರು ವಾರ ನರಕ. ದೇಹಕ್ಕೆ ಎದ್ದು ಕೂರಲೂ ಶಕ್ತಿ ಇಲ್ಲ, ತಲೆ ಮಾತ್ರ ಫಸ್ಟ್ ಗೇರ್‌ನಲ್ಲಿ ಕಿರುಚೋ ಗಾಡಿ. ಬೆಳಗ್ಗೆ ಎದ್ದ ಕೂಡಲೇ ಲಿಂಕ್ಡ್‌ಇನ್. ನಮ್ಮ ಬ್ಯಾಚಿನವನೊಬ್ಬ ಇಂಟರ್ನ್‌ಶಿಪ್ ಸಿಕ್ಕಿದ್ದಕ್ಕೆ ‘ಥ್ರಿಲ್ಡ್ ಟು ಅನೌನ್ಸ್’ ಅಂತ ಹಾಕಿರ್ತಿದ್ದ. ನಾನು ಗಂಜಿ ಕುಡಿದು, ನೆಲನೆಲ್ಲಿ ಕಷಾಯ ಕುಡಿದು, ಅವನ ಪೋಸ್ಟಿಗೆ ಲೈಕ್ ಒತ್ತಿ, ಗೋಡೆ ಕಡೆ ತಿರುಗಿ ಮಲಗ್ತಿದ್ದೆ. ಎರಡನೇ ವಾರ ಆನ್‌ಲೈನ್ ಕೋರ್ಸ್ ಒಂದಕ್ಕೆ ಸೇರಿಕೊಂಡೆ. ಮಲಗಿಕೊಂಡೇ ಪೈಥಾನ್ ಕಲಿಯೋ ಪ್ಲಾನು. ನಾಲ್ಕು ವಿಡಿಯೊ ನೋಡೋಷ್ಟರಲ್ಲಿ ವಾಂತಿ ಆಯಿತು. ಪೈಥಾನಿನ ತಪ್ಪಲ್ಲ.

ಆಗ ಅಜ್ಜಯ್ಯ ಹೇಳಿದ ಮಾತು ಇದು. ಜಗಲಿಯ ತುದಿಯಲ್ಲಿ ಕೂತು ಮಳೆ ನೋಡ್ತಿದ್ದವರು ಒಳಗೆ ತಿರುಗಿ, “ಎಂತಕ್ಕೆ ಒದ್ದಾಡ್ತೀಯೋ ಮಾಣಿ? ಮಳೆಗಾಲದಲ್ಲಿ ಸನ್ಯಾಸಿಗಳೇ ಕೂತಿರ್ತಾರೆ. ನಿಂದೆಂತ ಅರ್ಜೆಂಟು?” ಅಂದರು.

ತಮಾಷೆಗೆ ಅಂದಿದ್ದು. ಆದರೆ ಬೇರೆ ಕೆಲಸ ಇಲ್ಲದ ನನಗೆ ಅದೇ ತಲೆಯಲ್ಲಿ ಕೂತಿತು. ಚಾತುರ್ಮಾಸ್ಯ ಅಂದರೆ ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಮಠದ ಊಟ ಮತ್ತು ಪೇಪರಿನಲ್ಲಿ ಬರೋ ಫೋಟೊ. ಅಜ್ಜಯ್ಯನ ಹತ್ತಿರ ಕೇಳ್ತಾ ಹೋದಾಗ ಒಂದೊಂದೇ ತಿಳೀತು. ಆಷಾಢ ಶುದ್ಧ ಏಕಾದಶಿಗೆ ವಿಷ್ಣು ಮಲಗ್ತಾನೆ, ಕಾರ್ತಿಕ ಶುದ್ಧ ಏಕಾದಶಿಗೆ ಏಳ್ತಾನೆ. ಮರುದಿನವೇ ಉತ್ಥಾನ ದ್ವಾದಶಿ, ನಮ್ಮ ಮನೆಗಳ ತುಳಸಿ ಹಬ್ಬ. ಜಗತ್ತನ್ನು ನಡೆಸೋ ಕೆಲಸ ಇರುವವನೇ ನಾಲ್ಕು ತಿಂಗಳು ಮಲಗ್ತಾನೆ ಅಂತ ನಂಬಿದ ಜನ ನಮ್ಮವರು. ಈ ನಾಲ್ಕು ತಿಂಗಳಲ್ಲಿ ಒಂದೊಂದು ತಿಂಗಳು ಒಂದೊಂದು ಆಹಾರ ಬಿಡೋ ವ್ರತ ಇದೆ: ಮೊದಲು ತರಕಾರಿ, ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆಕಾಳು. ಸನ್ಯಾಸಿಗಳು ಆಷಾಢ ಹುಣ್ಣಿಮೆಗೆ, ಅಂದರೆ ಗುರುಪೂರ್ಣಿಮೆಗೆ, ವ್ಯಾಸಪೂಜೆ ಮಾಡಿ ಒಂದು ಊರಲ್ಲಿ ಕೂತರೆ ಗಡಿ ದಾಟೋ ಹಾಗಿಲ್ಲ. ಈಗ ಹೆಚ್ಚಿನ ಮಠಗಳಲ್ಲಿ ಪಕ್ಷವನ್ನೇ ಮಾಸ ಅಂತ ಎಣಿಸಿ ನಾಲ್ಕು ಪಕ್ಷಕ್ಕೆ, ಎರಡು ತಿಂಗಳಿಗೆ, ಮುಗಿಸ್ತಾರೆ. ಭಾದ್ರಪದ ಹುಣ್ಣಿಮೆಗೆ ಸೀಮೋಲ್ಲಂಘನ. (ಸಿಲಬಸ್ ಅರ್ಧ ಕಟ್ ಮಾಡೋದು ನಮ್ಮ ಕಾಲದ ಉಪಾಯ ಅಲ್ಲ ಅಂತ ಆವತ್ತು ಗೊತ್ತಾಯಿತು.)

ಜೈನ ಮುನಿಗಳೂ ಮಳೆಗಾಲದ ನಾಲ್ಕು ತಿಂಗಳು ಹೀಗೇ ಒಂದೇ ಕಡೆ ನಿಲ್ಲುತ್ತಾರೆ. ಬೌದ್ಧ ಭಿಕ್ಷುಗಳಿಗೆ ಮೂರು ತಿಂಗಳ ವರ್ಷಾವಾಸ. ಬೈಲಕುಪ್ಪೆಯ ಟಿಬೆಟಿಯನ್ ವಿಹಾರಗಳಲ್ಲಿ ಇವತ್ತಿಗೂ ಮಳೆಗಾಲದ ಏಕಾಂತ ಇದೆ. ಈ ನಿಯಮ ಬಂದ ಕಥೆ ವಿನಯಪಿಟಕದಲ್ಲಿದೆ. ಭಿಕ್ಷುಗಳು ಮಳೆಯಲ್ಲೂ ಊರೂರು ತಿರುಗ್ತಿದ್ದರಂತೆ. ಜನ ಗೊಣಗೋಕೆ ಶುರುಮಾಡಿದರು: ಇವರು ಆಗತಾನೇ ಹುಟ್ಟಿದ ಹಸಿರು ತುಳೀತಾರೆ, ಸಣ್ಣಸಣ್ಣ ಜೀವಗಳನ್ನು ಕೊಲ್ತಾರೆ, ಹಕ್ಕಿಗಳಾದರೂ ಗೂಡು ಕಟ್ಟಿಕೊಂಡು ಇರ್ತವೆ, ಇವರಿಗೇನು ಬಂತು ಅಂತ. ಬುದ್ಧನ ಕಿವಿಗೆ ಇದು ಬಿದ್ದ ಮೇಲೆ ಮಳೆಗಾಲದಲ್ಲಿ ಒಂದೇ ಕಡೆ ಇರಬೇಕು ಅಂತ ನಿಯಮ ಆಯಿತು.

ಇದನ್ನು ಓದಿದಾಗ ನನಗೆ ಹೊಳೆದದ್ದು ಇಷ್ಟು. ಕಾಲು ನೋಯ್ತಿದೆ, ದಣಿವಾಗಿದೆ, ಸ್ವಲ್ಪ ರೆಸ್ಟ್ ಬೇಕು ಅಂತ ಯಾವ ಭಿಕ್ಷುವೂ ಕೇಳಿದ್ದಲ್ಲ. ನಿಲ್ಲದೆ ನಡೀತಿದ್ದರಿಂದ ಕಾಲಡಿ ಏನೋ ಸಾಯ್ತಿತ್ತು, ಅದಕ್ಕೆ ನಿಲ್ಲಿಸಿದ್ದು. ನಾವು ವಿಶ್ರಾಂತಿ ಅನ್ನೋದನ್ನು ಯಾವಾಗಲೂ ದಣಿವಿನ ಲೆಕ್ಕದಲ್ಲೇ ನೋಡ್ತೀವಿ. ಎಕ್ಸಾಮ್ ಮುಗೀತು, ಇನ್ನು ಎರಡು ದಿನ ಮಲಗಬಹುದು. ಪ್ರಾಜೆಕ್ಟ್ ಸಬ್ಮಿಟ್ ಆಯ್ತು, ಗೋಕರ್ಣಕ್ಕೆ ಹೋಗಬಹುದು. ಅದು ದುಡಿದಿದ್ದಕ್ಕೆ ಕೂಲಿ, ಇಲ್ಲಾಂದ್ರೆ ಮುಂದಿನ ದುಡಿತಕ್ಕೆ ಚಾರ್ಜಿಂಗ್. ಕೂತು ನೋಡಿದರೆ ಮಾತ್ರ ನಾನು ಏನು ತುಳ್ಕೊಂಡು ಬಂದೆ ಅಂತ ಕಾಣುತ್ತೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ.

ನಾನು ತುಳಿದದ್ದು ಏನು ಅಂತ ಹೇಳಬೇಕು. ಹೇಳದಿದ್ದರೆ ಈ ಲೇಖನ ಬರೆದೂ ಉಪಯೋಗವಿಲ್ಲ.

ಅದೇ ವರ್ಷದ ಜನವರಿಯಲ್ಲಿ, ಐದನೇ ಸೆಮ್ ಎಕ್ಸಾಮ್ ನಡುವೆ, ನಮ್ಮ ಅಜ್ಜಿ ತೀರಿಕೊಂಡರು. ಮಧ್ಯೆ ಎರಡು ದಿನ ಗ್ಯಾಪ್ ಇತ್ತು. ರಾತ್ರಿ ಬಸ್ಸಿಗೆ ಹೋದೆ, ಬೆಳಗ್ಗೆ ಎಲ್ಲ ಮುಗೀತು, ಅವತ್ತೇ ರಾತ್ರಿ ಬಸ್ಸಿಗೆ ವಾಪಸ್ ಬಂದೆ. ಬಸ್ಸಿನಲ್ಲಿ ಮೊಬೈಲ್ ಬೆಳಕಲ್ಲಿ ನೋಟ್ಸ್ ಓದಿದೆ. ಆ ಪೇಪರ್‌ನಲ್ಲಿ ಒಳ್ಳೆ ಮಾರ್ಕ್ಸೇ ಬಂತು. ಎಲ್ಲರೂ ಗಟ್ಟಿ ಹುಡುಗ ಅಂದರು. ನನಗೂ ಹಾಗೇ ಅನ್ನಿಸಿತ್ತು. ನನ್ನನ್ನು ಐದು ವರ್ಷದವರೆಗೆ ಸೊಂಟದ ಮೇಲೆ ಹೊತ್ತು ಸಾಕಿದ ಹೆಂಗಸಿಗೆ ನಾನು ಕೊಟ್ಟಿದ್ದು ಹದಿಮೂರು ಗಂಟೆ. ಅಳಲಿಲ್ಲ. ಅಳು ತಡೆದುಕೊಂಡೆ ಅಂತಲೂ ಅಲ್ಲ, ಅಳು ಬರಲೇ ಇಲ್ಲ.

ನಾಲ್ಕನೇ ವಾರವೋ ಐದನೇ ವಾರವೋ, ಜೂನ್ ಕೊನೆ. ನಮ್ಮ ಕಡೆ ಮಳೆ ಹಿಡಿದರೆ ಬಿಡೋದಲ್ಲ, ಆಗುಂಬೆಯ ನೆಂಟಸ್ತಿಕೆ. ಕರೆಂಟು ಹೋಗಿ ಮೂರು ದಿನ ಆಗಿತ್ತು, ಫೋನು ಸತ್ತಿತ್ತು. ಮಧ್ಯಾಹ್ನ ಮಲಗಿದ್ದಾಗ ಗೋಡೆಗೂಡಿನಲ್ಲಿ ಅಜ್ಜಿಯ ಎಲೆಅಡಿಕೆ ತಟ್ಟೆ ಕಂಡಿತು. ಸುಣ್ಣದ ಡಬ್ಬಿಯ ಮುಚ್ಚಳ ಅರ್ಧ ತೆರೆದಿತ್ತು, ಸುಣ್ಣ ಒಣಗಿ ಕಲ್ಲಾಗಿತ್ತು. ಅದನ್ನು ನಾನು ಮನೆಗೆ ಬಂದ ದಿನದಿಂದ ದಿನಾ ನೋಡಿದ್ದೇನೆ. ಅವತ್ತು ಮಾತ್ರ ಅದು ಅಜ್ಜಿಯದು ಅಂತ ಕಂಡಿತು. ಐದು ತಿಂಗಳು ತಡವಾಗಿ ಅವತ್ತು ಅಳು ಬಂತು. ಅಮ್ಮ ಗಾಬರಿಯಾಗಿ ಹೊಟ್ಟೆ ನೋವಾ ಅಂತ ಓಡಿಬಂದರು. ಅಜ್ಜಯ್ಯ ಮಾತ್ರ ತಟ್ಟೆ ಕಡೆ ನೋಡಿ, ನನ್ನ ಕಡೆ ನೋಡಿ, ಹಾಗೇ ಜಗಲಿಗೆ ಹೋದರು. ಆಮೇಲೆ ಎಷ್ಟೋ ದಿನ ನಾವಿಬ್ಬರೂ ಅಜ್ಜಿಯ ವಿಷಯ ಮಾತಾಡಿದೆವು. ಮದುವೆಯಾಗಿ ಬಂದ ಮೊದಲ ವರ್ಷ ಅವರು ಯಾವ ಹಾಡು ಹೇಳ್ತಿದ್ದರು, ಯಾವ ಅಡುಗೆ ಅವರಿಗೆ ಕೊನೆಗೂ ಒಲಿಯಲಿಲ್ಲ, ಇಂಥವು. ಅಜ್ಜಯ್ಯನಿಗೂ ಇದನ್ನು ಹೇಳೋಕೆ ಅಷ್ಟು ತಿಂಗಳು ಯಾರೂ ಸಿಕ್ಕಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಕೆಲಸ.

‘ಆಧ್ಯಾತ್ಮ’ ಅನ್ನೋ ಪದ ಬಳಸೋಕೆ ನನಗೆ ಸಂಕೋಚ. ಧ್ಯಾನ ಮಾಡಿಲ್ಲ, ಜಪ ಮಾಡಿಲ್ಲ, ಸಂಧ್ಯಾವಂದನೆಯೇ ಅರ್ಧ ಮರೆತಿದೆ. ಆದರೆ ಆ ಮಳೆಗಾಲದಲ್ಲಿ ಆದದ್ದಕ್ಕೆ ಬೇರೆ ಪದ ಸಿಗ್ತಿಲ್ಲ. ಎಲ್‌ಕೆಜಿಯಿಂದ ಇಲ್ಲಿಯವರೆಗೆ ನಾನು ಅಂದರೆ ಒಂದು ಸಂಖ್ಯೆ. ಎಸ್ಸೆಸ್ಸೆಲ್ಸಿ ಪರ್ಸೆಂಟು, ಸಿಇಟಿ ರ‍್ಯಾಂಕು, ಸಿಜಿಪಿಎ. ಯಾವ ಸಂಖ್ಯೆಯೂ ಬರದ ನಾಲ್ಕು ತಿಂಗಳು ಕಳೆದರೂ ನಾನು ಕರಗಿ ಹೋಗಲಿಲ್ಲ, ಬೆಳಗ್ಗೆ ಎದ್ದಾಗ ಅಲ್ಲೇ ಇರ್ತಿದ್ದೆ, ಅಜ್ಜಯ್ಯನಿಗೆ ನನ್ನ ಜತೆ ಕೂರೋದು ಇಷ್ಟವೇ ಆಗ್ತಿತ್ತು. ಇದು ಪುಸ್ತಕದಲ್ಲಿ ಓದಿದರೆ ‘ಹೌದು, ಸರಿ’ ಅನ್ನಿಸುತ್ತೆ ಅಷ್ಟೆ. ಗೊತ್ತಾಗಬೇಕಾದರೆ ದಿನಗಳು ಬೇಕು, ತುಂಬ ದಿನಗಳು ಬೇಕು.

ಎಷ್ಟು ಅಂತ ಕೇಳಿದರೆ ನಮ್ಮ ಮೆಟೀರಿಯಲ್ ಸೈನ್ಸ್ ನೆನಪಾಗುತ್ತೆ. ಅನೀಲಿಂಗ್ ಪಾಠ ಎಲ್ಲರೂ ಉರು ಹೊಡೆದು ಐದು ಮಾರ್ಕಿಗೆ ಬರೆದಿದ್ದೇವೆ. ಉಕ್ಕನ್ನು ಕ್ರಿಟಿಕಲ್ ಟೆಂಪರೇಚರ್ ದಾಟಿ ಕಾಯಿಸಿ, ಅಲ್ಲೇ ಸ್ವಲ್ಪ ಹೊತ್ತು ಇಟ್ಟು, ಫರ್ನೇಸ್ ಆಫ್ ಮಾಡಿ ಒಳಗೇ ಬಿಟ್ಟುಬಿಡೋದು. ಇಟ್ಟಿರೋ ಹೊತ್ತು ತುಂಡಿನ ದಪ್ಪದ ಮೇಲೆ ಹೋಗುತ್ತೆ, ಇಂಚಿಗೆ ಒಂದು ಗಂಟೆ ಅಂತ ಸ್ಥೂಲ ಲೆಕ್ಕ. ತಣಿಯೋದು ಮಾತ್ರ ತೀರಾ ನಿಧಾನ. ಆಗ ಸುತ್ತಿಗೆ ಪೆಟ್ಟಿಂದ, ರೋಲಿಂಗ್‌ನಿಂದ ಒಳಗೆ ಸೇರಿಕೊಂಡ ಒತ್ತಡ ಬಿಡುತ್ತೆ. ಅದೇ ತುಂಡನ್ನು ನೀರಿಗೆ ಅದ್ದಿದರೆ ಗಟ್ಟಿಯಾಗುತ್ತೆ, ಜತೆಗೆ ಪೆಡಸೂ ಆಗುತ್ತೆ, ಬಿದ್ದರೆ ಚೂರು. ಜನವರಿಯಲ್ಲಿ ನನಗೆ ಆದದ್ದು ಕ್ವೆಂಚಿಂಗ್. ಎಲ್ಲರೂ ಗಟ್ಟಿ ಹುಡುಗ ಅಂದಿದ್ದು ಸರಿಯಾಗೇ ಇತ್ತು. ಶನಿವಾರ ಭಾನುವಾರದ ರಜೆಯಲ್ಲಿ ಅನೀಲಿಂಗ್ ಆಗಲ್ಲ, ಫರ್ನೇಸ್ ಬಾಗಿಲು ತೆಗೆದು ಹಾಕಿ ಮಾಡಿದ ಹಾಗಾಗುತ್ತೆ. ನನ್ನ ತಲೆ ಓಡೋದು ನಿಲ್ಲಿಸೋಕೇ ಇಪ್ಪತ್ತು ದಿನಕ್ಕಿಂತ ಜಾಸ್ತಿ ತಗೊಂಡಿತು. ಉಳಿದದ್ದೆಲ್ಲ ಶುರುವಾಗಿದ್ದೇ ಅಲ್ಲಿಂದ. (ಸಿವಿಲ್‌ನವರು ನಮ್ಮ ಕ್ಯೂರಿಂಗ್ 28 ದಿನ ಅಂತ ನಡುವೆ ಬರ್ತಾರೆ. ಬರಲಿ, ಲೆಕ್ಕ ಹತ್ತಿರತ್ತಿರ ಒಂದೇ.)

ಇಲ್ಲಿ ನನ್ನ ಗೆಳೆಯ ಒಬ್ಬ ಜಗಳಕ್ಕೆ ಬಂದ. ಬಸವಣ್ಣನ ನಾಡಿನಲ್ಲಿ ಹುಟ್ಟಿ ಸುಮ್ಮನೆ ಮಲಗೋದನ್ನು ಆಧ್ಯಾತ್ಮ ಅಂತೀಯಲ್ಲೋ, ಕಾಯಕ ಎಲ್ಲಿ ಹೋಯ್ತು ಅಂತ. ಒಳ್ಳೆ ಪ್ರಶ್ನೆ. ನಮ್ಮಲ್ಲಿ ಕಾಯಕ ಅನ್ನೋ ಪದ ಗೋಡೆ ಬರಹ ಆಗಿಬಿಟ್ಟಿದೆ, ಯಾರು ಬೇಕಾದರೂ ಯಾರನ್ನು ಬೇಕಾದರೂ ದುಡಿಸೋಕೆ ಬಳಸ್ತಾರೆ. ಆದರೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ನೆನಪು ಮಾಡ್ಕೊಳ್ಳಿ. ಮಾರಯ್ಯನ ಕಾಯಕ ಬಿದ್ದ ಅಕ್ಕಿ ಆಯೋದು. ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಆಯ್ದು ತಂದ. ಲಕ್ಕಮ್ಮ ಮೆಚ್ಚಲಿಲ್ಲ, ಇಷ್ಟು ನಮಗೆ ಬೇಡ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ನಮ್ಮ ಯಾವ ಮ್ಯಾನೇಜ್‌ಮೆಂಟ್ ಗುರುವೂ ಈ ಕಥೆ ಹೇಳಲ್ಲ. ಓವರ್‌ಟೈಮ್ ಮಾಡಿ ಬಂದವನನ್ನು ಹೊಗಳದೆ ವಾಪಸ್ ಕಳಿಸಿದ ಹೆಂಗಸಿನ ಕಥೆ ಅದು. ಸಾಕು ಅನ್ನೋದು ಗೊತ್ತಿರೋ ದುಡಿತಕ್ಕೆ ಶರಣರು ಕಾಯಕ ಅಂದರು ಅಂತ ನಾನು ಅರ್ಥಮಾಡ್ಕೊಂಡಿದ್ದೇನೆ. 2023ರ ಅಕ್ಟೋಬರ್‌ನಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ನಮ್ಮ ಹಾಸ್ಟೆಲ್‌ನಲ್ಲಿ ರಾತ್ರಿಯಿಡೀ ವಾದ ನಡೆದಿತ್ತು. ಅವರು ಕಟ್ಟಿದ್ದರ ಬಗ್ಗೆ ನನಗೆ ಗೌರವ ಇದೆ. ಆದರೆ ಲಕ್ಕಮ್ಮನ ಮಾತು ಅವತ್ತು ನಮ್ಮಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಆದರೂ ಗೆಳೆಯನ ಪ್ರಶ್ನೆಯಲ್ಲಿ ಒಂದು ಮುಳ್ಳು ಉಳಿಯುತ್ತೆ. ಲಕ್ಕಮ್ಮ ಸಾಕು ಅಂದದ್ದು ತಾನೂ ದುಡಿದು. ನಾನು ಮಲಗಿದ್ದಾಗ ದುಡಿದವರು ಯಾರು?

ಅಮ್ಮ. ನನ್ನ ಪಥ್ಯಕ್ಕೆ ಬೇರೆ ಅಡುಗೆ, ಬೇರೆ ಪಾತ್ರೆ, ಕಾಯಿಸಿ ಆರಿಸಿದ ನೀರು. ಅಪ್ಪಯ್ಯನದು ಅಷ್ಟೇ ಕೆಲಸ, ತೋಟಕ್ಕೆ ಕೊಳೆ ಔಷಧಿ ಹೊಡೆಸೋದು. ಮಳೆ ನಿಂತ ಅರ್ಧ ದಿನ ನೋಡ್ಕೊಂಡು ಮೈಲುತುತ್ತು ಸುಣ್ಣ ಕಲಸಿ, ಮರ ಹತ್ತೋ ಜನ ಹುಡುಕಿ ಒದ್ದಾಡ್ತಿದ್ದರು. ಆದರೆ ಅಪ್ಪಯ್ಯನ ಕೆಲಸಕ್ಕೆ ಮಳೆ ಬಂದರೆ ರಜೆ ಸಿಗುತ್ತೆ. ಅಮ್ಮನದಕ್ಕೆ ಮಳೆ ಬಂದರೆ ಇನ್ನೂ ಜಾಸ್ತಿ: ಒಣಗದ ಬಟ್ಟೆ, ಹತ್ತದ ಬಚ್ಚಲ ಒಲೆ, ಕೊಟ್ಟಿಗೆಗೆ ಸೊಪ್ಪು. ನಾನು ಮಳೆ ನೋಡ್ತಾ ಆತ್ಮಶೋಧನೆ ಮಾಡ್ತಿದ್ದ ಜಗಲಿಯನ್ನು ದಿನಕ್ಕೆ ಎರಡು ಸಲ ಒರೆಸ್ತಿದ್ದವರು ಅಮ್ಮ. ಒಂದು ದಿನ ಕೇಳಿದೆ, ಅಮ್ಮ, ನೀ ಯಾವತ್ತಾದರೂ ಹೀಗೆ ತಿಂಗಳುಗಟ್ಟಲೆ ಮಲಗಿದ್ದೀಯಾ ಅಂತ. ಅಮ್ಮ ಲೆಕ್ಕ ಹಾಕಿ, “ನಿನ್ನ ಬಾಣಂತನದಲ್ಲಿ ಮೂರು ತಿಂಗಳು. ಅಲ್ಲೂ ನೀ ಎಲ್ಲಿ ಮಲಗೋಕೆ ಬಿಟ್ಟೆ?” ಅಂದರು.

ಮಠದಲ್ಲೂ ಇಷ್ಟೇ ಅಲ್ಲವಾ? ಸ್ವಾಮಿಗಳು ಎರಡು ತಿಂಗಳು ಒಂದು ಕಡೆ ಕೂರಬೇಕಾದರೆ ಭಿಕ್ಷೆ ನಡೆಸೋ ಮನೆಗಳು, ಅಡುಗೆಮನೆಯಲ್ಲಿ ಬೆವರೋ ಕೈಗಳು ಇರಬೇಕು. ನಮ್ಮ ಸಂಪ್ರದಾಯದ ಬಗ್ಗೆ ಹೆಮ್ಮೆಯಿಂದ ಬರೀತಾ ಇದನ್ನು ಬಿಟ್ಟರೆ ಮೋಸ. ಈ ವಿಷಯದಲ್ಲಿ ಯಹೂದಿಗಳ ಸಬ್ಬತ್ತಿನ ನಿಯಮ ನನಗೆ ಹಿಡಿಸಿತು. ಏಳನೇ ದಿನ ಕೆಲಸ ಮಾಡಬೇಡ ಅನ್ನೋ ಆಜ್ಞೆ ‘ನೀನು’ ಅಂತ ಹೇಳಿ ನಿಲ್ಲಲ್ಲ. ಮಗ, ಮಗಳು, ಆಳು, ತೊತ್ತು, ಎತ್ತು, ಕತ್ತೆ, ಊರೊಳಗಿನ ಪರದೇಶಿ, ಎಲ್ಲರನ್ನೂ ಪಟ್ಟಿ ಮಾಡುತ್ತೆ. ಯಾಕೆ ಅಂದರೆ ನೀನೂ ಈಜಿಪ್ಟಿನಲ್ಲಿ ದಾಸನಾಗಿದ್ದೆ, ನೆನಪಿಟ್ಟುಕೋ ಅಂತ ಕಾರಣ ಬೇರೆ. ಏಳನೇ ವರ್ಷ ಹೊಲಕ್ಕೂ ರಜೆ. ತಾನಾಗಿ ಬೆಳೆದದ್ದು ಬಡವರಿಗೆ, ಅವರು ಬಿಟ್ಟದ್ದು ಕಾಡುಪ್ರಾಣಿಗೆ. ಯೂನಿವರ್ಸಿಟಿಗಳಲ್ಲಿ ಪ್ರೊಫೆಸರುಗಳು ತಗೊಳ್ಳೋ ಸಬ್ಬಾಟಿಕಲ್ ಅನ್ನೋ ಪದ ಹುಟ್ಟಿದ್ದು ಇಲ್ಲಿಂದ. ಪದ ಉಳೀತು, ಆಳು ಮತ್ತು ಎತ್ತು ಪಟ್ಟಿಯಿಂದ ಬಿಟ್ಟುಹೋದರು. ನಮ್ಮಲ್ಲೂ ಇದರ ಚೂರು ಇದೆ. ಸೋಮವಾರ ಬಸವಣ್ಣನ ವಾರ ಅಂತ ಎತ್ತಿನ ಕೊರಳಿಗೆ ನೊಗ ಇಡದ ಊರುಗಳು ಎಷ್ಟೋ. ಆಷಾಢದಲ್ಲಿ ಹೊಸ ಮದುವಣಗಿತ್ತಿಯನ್ನು ತವರಿಗೆ ಕಳಿಸ್ತಾರೆ. ಬಾಣಂತನಕ್ಕೆ ತವರಿಗೇ ಕರೆಸಿಕೊಳ್ತಾರೆ, ಅತ್ತೆ ಮನೆಯಲ್ಲಿ ಮಲಗೋಕೆ ಆಗಲ್ಲ ಅಂತ ಎಲ್ಲರಿಗೂ ಗೊತ್ತಿದ್ದೇ. ಎತ್ತಿಗೆ ವಾರಕ್ಕೊಂದು ದಿನ ಕೊಟ್ಟ ಊರಿನಲ್ಲಿ ಮನೆಯ ಹೆಂಗಸರಿಗೆ ಬಾಣಂತನ ಬಿಟ್ಟರೆ ಇನ್ಯಾವ ರಜೆ ಇದೆ ಅಂತ ಯೋಚಿಸಿ ನೋಡಿ.

ಆಗಸ್ಟ್ ಹೊತ್ತಿಗೆ ನನ್ನ ಬಿಲಿರುಬಿನ್ ಇಳಿದಿತ್ತು, ಡಾಕ್ಟರು ಓಡಾಡಬಹುದು ಅಂದಿದ್ದರು. ಸೆಪ್ಟೆಂಬರಿನಲ್ಲಿ ಒಂದು ದಿನ ಅಮ್ಮನಿಗೆ ಹೇಳಿದೆ, ನೀ ತವರಿಗೆ ಹೋಗು, ಹದಿನೈದು ದಿನ ಇದ್ದು ಬಾ, ಅಡುಗೆ ಕೊಟ್ಟಿಗೆ ನಾ ನೋಡ್ಕೊಳ್ತೀನಿ. ಅಮ್ಮ ನಕ್ಕರು. ಅಪ್ಪಯ್ಯ ನಗಲೂ ಇಲ್ಲ. ಒಂದು ವಾರ ಹಠ ಮಾಡಿ ಕಳಿಸಿದ್ದಾಯಿತು. ದಿನಕ್ಕೆ ಮೂರು ಫೋನು. ಹಾಲು ಉಕ್ಕಿಸಿದೆಯಾ, ದನಕ್ಕೆ ಅಕ್ಕಚ್ಚು ಇಟ್ಟೆಯಾ, ಅಜ್ಜಯ್ಯನ ಮಾತ್ರೆ. ಆರನೇ ದಿನ ವಾಪಸ್ ಬಂದುಬಿಟ್ಟರು. “ನಂಗೆ ಕೂತು ಗೊತ್ತಿಲ್ಲ ಮಾರಾಯ” ಅಂದರು. ನಾನು ಮೊದಲ ಮೂರು ವಾರ ಒದ್ದಾಡಿದ ಹಾಗೆ ಅಮ್ಮನೂ ಆರು ದಿನ ಒದ್ದಾಡಿದ್ದಾರೆ. ಇನ್ನೊಂದು ಇಪ್ಪತ್ತು ದಿನ ಇದ್ದಿದ್ದರೆ ಅಮ್ಮನಿಗೂ ಯಾವುದಾದರೂ ಗೋಡೆಗೂಡು ಕಾಣ್ತಿತ್ತೇನೋ. ಅದಕ್ಕೆ ನಾವು ಬಿಡಲಿಲ್ಲ. ನನ್ನ ಸಾರು ಅಷ್ಟು ಕೆಟ್ಟದಾಗಿತ್ತು ಅನ್ನೋದೂ ನಿಜ.

ಇಷ್ಟೆಲ್ಲ ಹೇಳಿದ ಮೇಲೆ ಕಾಲೇಜಿನವರಿಗೂ ಒಂದು ಮಾತು. ನಮ್ಮಲ್ಲಿ ಯಾರಾದರೂ ನಿಲ್ಲಬೇಕು ಅಂದರೆ ಕಾಯಿಲೆ ಬೀಳಲೇಬೇಕು. ಅರ್ಜಿಯಲ್ಲಿ ಕಾರಣ ಅನ್ನೋ ಕಡೆ ಮೆಡಿಕಲ್ ಸರ್ಟಿಫಿಕೇಟ್ ಬಿಟ್ಟು ಬೇರೇನೂ ನಡೆಯಲ್ಲ. ನನಗೆ ರಿಪೋರ್ಟಿನಲ್ಲಿ ಬಿಲಿರುಬಿನ್ ತೋರಿಸೋಕಾದರೂ ಇತ್ತು. ಅಪ್ಪ ತೀರಿಕೊಂಡ, ರಾತ್ರಿ ನಿದ್ದೆ ಬರದ, ಕ್ಲಾಸಿನಲ್ಲಿ ಕೂತೇ ಕಳೆದುಹೋದ ಹುಡುಗ ಹುಡುಗಿಯರು ನಮ್ಮ ಬೆಂಚುಗಳಲ್ಲೇ ಇದ್ದಾರೆ, ಅವರು ಯಾವ ರಿಪೋರ್ಟ್ ತರಬೇಕು? ಒಂದು ಸೆಮಿಸ್ಟರ್ ಬಿಟ್ಟು ಬಂದು ಮುಂದುವರಿಸ್ತೀನಿ ಅಂದರೆ ‘ಡಿಟೇನ್ಡ್’ ಅನ್ನೋ ಪಟ್ಟಿಗೆ ಸೇರಿಸದೆ, ಫೀಸು ಮತ್ತೆ ಪೂರ್ತಿ ಕಟ್ಟಿಸಿಕೊಳ್ಳದೆ, ಹೋಗಿ ಬಾ ಅನ್ನೋ ವ್ಯವಸ್ಥೆ ಇರಬೇಕು ಅಂತ ನನ್ನ ವಾದ. ದುರುಪಯೋಗ ಆಗುತ್ತೆ ಅಂತೀರಿ. ಆಗಲಿ. ಹಾಜರಿಗೆ ಪ್ರಾಕ್ಸಿ ಹೊಡೆಯೋದಕ್ಕಿಂತ ಕೆಟ್ಟದಾಗಿ ಯಾರೂ ರಜೆ ದುರುಪಯೋಗ ಮಾಡೋಕೆ ಆಗಲ್ಲ.

ಎಲ್ಲರಿಗೂ ಇದು ಆಗಲ್ಲ ಅಂತಲೂ ಗೊತ್ತು. ನನ್ನ ರೂಮ್‌ಮೇಟ್‌ನದು ಎಜುಕೇಶನ್ ಲೋನ್. ಅವನು ನಿಂತರೂ ಬಡ್ಡಿ ನಿಲ್ಲಲ್ಲ. ನನಗೆ ಊರಲ್ಲಿ ಒಂದು ಜಗಲಿ ಇತ್ತು, ನಾಲ್ಕು ತಿಂಗಳು ಊಟ ಹಾಕೋ ತೋಟ ಇತ್ತು, ಅಮ್ಮ ಇದ್ದರು. ಅವನಿಗೆ ನಾನು ‘ಸ್ವಲ್ಪ ವಿಶ್ರಾಂತಿ ತಗೋ’ ಅಂತ ಉಪದೇಶ ಮಾಡಿದರೆ ಅವನು ಹೊಡೀತಾನೆ, ಹೊಡೀಬೇಕು. ಈ ಸೆಮ್ ರಜೆಯಲ್ಲಿ ಇಬ್ಬರೂ ನಮ್ಮೂರಿಗೆ ಹೋಗೋದು ಅಂತ ಮಾತಾಗಿದೆ. ಐದು ವಾರ. ಇಂಟರ್ನ್‌ಶಿಪ್ ಇಲ್ಲ, ಕೋರ್ಸ್ ಇಲ್ಲ. ಅಡುಗೆ ನಮ್ಮದು, ಅಮ್ಮನಿಗೆ ಈ ಸಲ ಮೂವತ್ತು ದಿನಕ್ಕೆ ಕಡಿಮೆ ವಾಪಸ್ ಬರೋ ಹಾಗಿಲ್ಲ ಅಂತ ಈಗಲೇ ಹೇಳಿಯಾಗಿದೆ. ಒಪ್ಪಿಲ್ಲ ಇನ್ನೂ.

ಪ್ಲೇಸ್‌ಮೆಂಟ್ ಹತ್ತಿರ ಬರ್ತಿದೆ. ರೆಸ್ಯೂಮೆಯಲ್ಲಿ ಈ ಗ್ಯಾಪಿಗೆ ಏನು ಬರೆಯಲಿ ಅಂತ ಅಜ್ಜಯ್ಯನಿಗೆ ಫೋನಿನಲ್ಲಿ ಕೇಳಿದ್ದೆ. “ಮಳೆಗಾಲ ಇತ್ತು ಅಂತ ಬರಿ” ಅಂದರು. ಬರೆದಿಲ್ಲ, ಅಷ್ಟು ಧೈರ್ಯ ಇಲ್ಲ. ಹೋದ ವಾರ ಮಾಕ್ ಇಂಟರ್‌ವ್ಯೂನಲ್ಲಿ ಸರ್ ಅದನ್ನೇ ಕೇಳಿದರು. ಕಾಮಾಲೆ ಆಗಿತ್ತು ಸರ್, ಮನೆಯಲ್ಲಿದ್ದೆ, ಅಜ್ಜಿ ತೀರಿಕೊಂಡಿದ್ದು ನನಗೆ ಆಗ ಗೊತ್ತಾಯಿತು ಅಂದೆ. ಸರ್ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಆಟೊ ಸೈಕಲ್‌ಗೂ ಡೀಸೆಲ್ ಸೈಕಲ್‌ಗೂ ವ್ಯತ್ಯಾಸ ಹೇಳು ಅಂದರು.